ಕಾವೇರಿಗೆ ಏನು ಬೇಕಿತ್ತು?

ಸಂಕ್ರಾಂತಿಗೆ ಇನ್ನು ಎರಡು ದಿನ ಇತ್ತು. ಮೈಸೂರಿನ ದೊಡ್ಡಮ್ಮನ ಮನೆಯಲ್ಲಿ ನಾವು ಮೂವರು ಅವರೆಕಾಳು ಹಿತುಕುತ್ತಾ ಕೂತಿದ್ದೆವು. ದೊಡ್ಡಮ್ಮ, ನಾನು, ನನ್ನ ಅಣ್ಣನ ಮಗಳು ಪುಟ್ಟಿ. ಹಿಂದಿನ ರಾತ್ರಿಯೇ ನೆನೆಹಾಕಿದ್ದ ಕಾಳು. ಹೆಬ್ಬೆರಳು, ತೋರುಬೆರಳಿನ ನಡುವೆ ಇಟ್ಟು ಒತ್ತಿದರೆ ಬೇಳೆ ಪುಳಕ್ಕನೆ ಜಾರಿ ಪಾತ್ರೆಗೆ ಬೀಳುತ್ತದೆ. ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ಒಂದು ಗಂಟೆ ಕೂತರೂ ಪಾತ್ರೆಯ ತಳ ಮುಚ್ಚುವುದು ಕಷ್ಟ. ಮಾತಿಗೆ ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ.

ಟಿವಿಯಲ್ಲಿ ‘ಶರಪಂಜರ’ ಬರುತ್ತಿತ್ತು. 1971ರ ಪುಟ್ಟಣ್ಣ ಕಣಗಾಲರ ಸಿನಿಮಾ. ತ್ರಿವೇಣಿಯವರ ಕಾದಂಬರಿಯಿಂದ ಮಾಡಿದ್ದು. ತ್ರಿವೇಣಿ ಮೈಸೂರಿನವರೇ, ಮನಃಶಾಸ್ತ್ರ ಓದಿದವರು. 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ತಮ್ಮ ಕಥಾನಾಯಕಿ ಕಾವೇರಿಯ ಪಾತ್ರವನ್ನು ನಟಿ ಕಲ್ಪನಾ ಹೇಗೆ ಮಾಡಿದರು ಅಂತ ನೋಡಲು ಅವರು ಇರಲಿಲ್ಲ. ನನಗೆ ಪ್ರತಿ ಸಲವೂ ಅದೇ ಸಂಕಟ.

ಕಾವೇರಿ ಮಾನಸಿಕ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬಂದಿದ್ದಾಳೆ. ಗಂಡ ಹತ್ತಿರ ಸುಳಿಯುವುದಿಲ್ಲ. ಸುತ್ತಮುತ್ತಲಿನವರಿಗೆ ಅವಳು ಇನ್ನೂ ಹುಚ್ಚಿಯೇ.

‘ಛೆ, ಅವನಿಗೆ ಒಂಚೂರು ಕನಿಕರ ಇದ್ದಿದ್ರೂ ಸಾಕಿತ್ತು’ ಅಂದರು ದೊಡ್ಡಮ್ಮ.

ಪುಟ್ಟಿ ತಕ್ಷಣ ತಲೆ ಎತ್ತಿದಳು. ‘ಕನಿಕರ ಯಾಕಜ್ಜಿ? ಅವಳೇನು ಭಿಕ್ಷೆ ಕೇಳ್ತಿದ್ದಾಳಾ? ಅವಳಿಗೆ ಬೇಕಾಗಿರೋದು ಪ್ರೀತಿ.’

‘ಎರಡೂ ಬೇರೆ ಬೇರೆ ಅಂತ ನಿಂಗೆ ಯಾರು ಹೇಳಿದ್ದು?’

‘ಎಲ್ಲಾ ಸಿನಿಮಾದಲ್ಲೂ ಹೇಳ್ತಾರಲ್ಲ. ನಿನ್ನ ಕನಿಕರ ಬೇಡ, ಪ್ರೀತಿ ಬೇಕು ಅಂತ.’

ನಿಜ, ಆ ಮಾತನ್ನು ಸಿನಿಮಾ, ಧಾರಾವಾಹಿಗಳಲ್ಲಿ ನಾವು ಎಷ್ಟು ಸಲ ಕೇಳಿದ್ದೇವೆ. ಕೇಳಿ ಕೇಳಿ, ಇನ್ನೊಬ್ಬರು ನಮ್ಮ ಕಷ್ಟಕ್ಕೆ ಮರುಗಿದರೆ ಅವಮಾನ ಅನ್ನೋ ಹಾಗೆ ಆಗಿಬಿಟ್ಟಿದೆ. ನನಗೆ ಇದು ತಪ್ಪು ಅನ್ನಿಸುತ್ತದೆ. ಹಸಿದವನನ್ನು ನೋಡಿ ಹೊಟ್ಟೆ ಚುರುಕ್ ಅನ್ನದಿದ್ದರೆ ಅಲ್ಲಿ ಪ್ರೀತಿ ಹುಟ್ಟುವುದಾದರೂ ಎಲ್ಲಿಂದ? ಆದರೆ ಪುಟ್ಟಿಯ ಮಾತಿನಲ್ಲೂ ಒಂದು ಸತ್ಯ ಇತ್ತು. ಅದನ್ನು ಒಪ್ಪಿದವರು ದೊಡ್ಡಮ್ಮನೇ.

‘ಈ ಪಿಕ್ಚರ್ ಬಂದಾಗ ನಾವೆಲ್ಲ ಗುಂಪು ಕಟ್ಟಿಕೊಂಡು ಹೋಗಿದ್ವಿ. ಸೆರಗು ಒದ್ದೆ ಆಗೋ ಹಾಗೆ ಅತ್ವಿ. ಪಕ್ಕದ ಬೀದೀಲಿ ಒಬ್ಬಳು ಇದ್ದಳು, ಕಾವೇರಿ ತರಾನೇ ಆಸ್ಪತ್ರೆಯಿಂದ ಬಂದವಳು. ಮಾರನೇ ದಿನ ಅವಳು ಅರಿಶಿನ ಕುಂಕುಮಕ್ಕೆ ಕರೆಯೋಕೆ ಬಂದ್ಲು. ಒಬ್ಬರೂ ಹೋಗ್ಲಿಲ್ಲ. ನಾನೂ ಹೋಗ್ಲಿಲ್ಲ.’

ದೊಡ್ಡಮ್ಮನ ಕೈ ನಿಂತಿತ್ತು. ಬೆರಳ ತುದಿಯಲ್ಲಿ ಒಂದು ಕಾಳು ಹಾಗೇ ಇತ್ತು. ಪರದೆಯ ಮೇಲಿನ ಕಾವೇರಿಗೆ ಅಷ್ಟು ಅತ್ತವರು ಬಾಗಿಲಿಗೆ ಬಂದ ಕಾವೇರಿಗೆ ಯಾಕೆ ಹೋಗಲಿಲ್ಲ? ನಾನು ಕೇಳಲಿಲ್ಲ. ಯಾಕೆಂದರೆ ನನಗೆ ಬೇರೆಯದೇ ನೆನಪಾಗುತ್ತಿತ್ತು.

ನನ್ನ ಎರಡನೇ ಬಾಣಂತನದಲ್ಲಿ ನಾನು ನಾನಾಗಿರಲಿಲ್ಲ. ನಿದ್ದೆ ಇಲ್ಲ, ಮಗು ಅತ್ತರೂ ಎತ್ತಿಕೊಳ್ಳಬೇಕು ಅನ್ನಿಸುತ್ತಿರಲಿಲ್ಲ. ಬಾಣಂತಿ ಸನ್ನಿ ಇರಬಹುದು ಅಂತ ಮನೆಯಲ್ಲಿ ಪಿಸುಗುಟ್ಟುತ್ತಿದ್ದರು. ಡಾಕ್ಟರು ಅದು ಸನ್ನಿ ಅಲ್ಲ, ಹೆರಿಗೆಯ ನಂತರ ಕಾಡುವ ಖಿನ್ನತೆ ಎಂದು ಹೇಳಿ ಔಷಧ ಕೊಟ್ಟರು. ಮೂರು ತಿಂಗಳಲ್ಲಿ ನಾನು ಎಷ್ಟೋ ಸುಧಾರಿಸಿದೆ. ಆದರೆ ಮನೆಗೆ ಬಂದವರು ನನ್ನ ಮುಖ ನೋಡಿ ‘ಅಯ್ಯೋ ಪಾಪ’ ಅನ್ನುವುದು ನಿಲ್ಲಲಿಲ್ಲ. ಅಡುಗೆಮನೆಯಲ್ಲಿ ಚಾಕು ಇಡುವ ಜಾಗ ಖಾಲಿ ಇತ್ತು. ಈಳಿಗೆಮಣೆಯೂ ಕಾಣುತ್ತಿರಲಿಲ್ಲ. ಯಾರೂ ನನಗೆ ಏನೂ ಹೇಳಲಿಲ್ಲ. ಎಲ್ಲರಿಗೂ ನನ್ನ ಮೇಲೆ ಕನಿಕರ ಇತ್ತು, ಅದು ಸುಳ್ಳಲ್ಲ. ಆ ಖಾಲಿ ಜಾಗ ನೋಡಿದಾಗ ಮಾತ್ರ ಎದೆ ಕುಸಿಯುತ್ತಿತ್ತು.

ಒಂದು ಬೆಳಗ್ಗೆ ದೊಡ್ಡಮ್ಮ ಬಂದರು. ಮಗುವನ್ನು ನೋಡಿದರು, ಕಾಫಿ ಕುಡಿದರು. ಆಮೇಲೆ ಅಟ್ಟದ ಮೇಲಿದ್ದ ಈಳಿಗೆಮಣೆ ತಾವೇ ಇಳಿಸಿ, ಒರೆಸಿ, ನನ್ನ ಮುಂದೆ ಇಟ್ಟರು. ‘ಹುಳಿಗೆ ಬೀನ್ಸ್ ಹೆಚ್ಚು, ಸಣ್ಣಗೆ’ ಅಂದರು. ಅಷ್ಟೇ. ನಾನು ಕೂತೆ. ಕೈ ನಡುಗುತ್ತಿತ್ತು. ಅರ್ಧ ಕೆಜಿ ಬೀನ್ಸ್ ಹೆಚ್ಚಿ ಮುಗಿಸುವ ಹೊತ್ತಿಗೆ ನಡುಕ ನಿಂತಿತ್ತು. ಅವತ್ತಿನ ಹುಳಿಯ ರುಚಿ ಈಗಲೂ ನಾಲಿಗೆಯ ಮೇಲಿದೆ.

ಇದನ್ನು ನಾನು ಪುಟ್ಟಿಗೆ ಯಾವತ್ತೂ ಹೇಳಿರಲಿಲ್ಲ. ಅವತ್ತು ಹೇಳಿದೆ. ಅವಳು ತುಂಬಾ ಹೊತ್ತು ಸುಮ್ಮನಿದ್ದಳು. ಟಿವಿಯಲ್ಲಿ ಕಾವೇರಿಯನ್ನು ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರು.

‘ಅಜ್ಜಿ, ಈಳಿಗೆಮಣೆ ಕೊಟ್ಟಾಗ ನಿಂಗೆ ಹೆದರಿಕೆ ಆಗ್ಲಿಲ್ವಾ?’

ನಾನೂ ಎಷ್ಟೋ ವರ್ಷದಿಂದ ಕೇಳಬೇಕು ಅಂದುಕೊಂಡಿದ್ದ ಪ್ರಶ್ನೆ ಅದು.

‘ಆಯ್ತು ಕಣೇ, ಆಗದೇ ಇರುತ್ತಾ?’ ಅಂದರು ದೊಡ್ಡಮ್ಮ. ‘ಅದಕ್ಕೇ ಎದ್ದು ಹೋಗ್ಲಿಲ್ಲ. ಇವಳ ಎದುರಿಗೇ ಕೂತು ಬೀನ್ಸ್ ನಾರು ತೆಗೀತಿದ್ದೆ.’

ಪುಟ್ಟಿ ಏನೂ ಹೇಳಲಿಲ್ಲ. ಅಜ್ಜಿಯ ಮುಂದಿದ್ದ ಕಾಳಿನ ರಾಶಿಯಲ್ಲಿ ಅರ್ಧವನ್ನು ತನ್ನ ಕಡೆಗೆ ಎಳೆದುಕೊಂಡು ಹಿತುಕತೊಡಗಿದಳು.