ಬ್ಯಾಕ್‌ಡ್ರಾಪ್ ಹಿಂದಿನ ಬಾಗಿಲು

ಅಕ್ಕನ ಮಗಳ ರಿಸೆಪ್ಷನ್ ಬೆಂಗಳೂರಲ್ಲಿ ಒಂದು ಹೋಟೆಲ್ಲಿನ ಬ್ಯಾಂಕ್ವೆಟ್ ಹಾಲಲ್ಲಿ ಇಟ್ಕೊಂಡಿದ್ವಿ, ಹೋಟೆಲ್ ಹೆಸರು ಬೇಡ ಬಿಡಿ. ಛತ್ರ ಆದ್ರೆ ಅಡುಗೆಯವರು ಬೇರೆ ಹೂವಿನವರು ಬೇರೆ ಲೈಟಿನವರು ಬೇರೆ, ಎಲ್ಲರ ಹಿಂದೆ ನಾವೇ ಓಡಬೇಕು, ಹೋಟೆಲ್ ಆದ್ರೆ ಅಡ್ವಾನ್ಸ್ ಕೊಟ್ಟು ಆರಾಮಾಗಿ ಇರಬಹುದು ಅನ್ನೋದು ಭಾವನ ಲೆಕ್ಕ. ನಾನು ಪೀಣ್ಯದ ಫ್ಯಾಕ್ಟರಿ ಒಂದರಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ಮಾಡೋನು, ಎಲ್ಲೇ ಹೋದ್ರೂ ಕಣ್ಣು ಮೊದಲು ಬೋರ್ಡು ವೈರುಗಳ ಮೇಲೇ ಬೀಳೋದು, ಇದಕ್ಕೆ ಮನೇಲಿ ಬೈಸ್ಕೊಳ್ಳೋದೂ ಇದೆ.

ಸಾಯಂಕಾಲ ಬೇಗನೇ ಹೋದ್ವಿ, ಸ್ಟೇಜ್ ಕೆಲಸ ಇನ್ನೂ ನಡೀತಿತ್ತು. ಎಲ್‌ಇಡಿ ವಾಲ್, ಫೋಕಸ್ ಲೈಟು, ಹೊಗೆ ಬಿಡೋ ಮಷೀನು ಎಲ್ಲಕ್ಕೂ ಒಂದೇ ಎಕ್ಸ್‌ಟೆನ್ಷನ್ ರೀಲಿಂದ ಕರೆಂಟ್, ಅದೂ ವೈರನ್ನ ಪೂರ್ತಿ ಬಿಚ್ಚದೆ ಅರ್ಧ ರೀಲಲ್ಲೇ ಸುತ್ತಿಟ್ಟು ಮೇಲೆ ಕಾರ್ಪೆಟ್ ಎಳೆದುಬಿಟ್ಟಿದ್ರು. ಕೈ ಇಟ್ಟು ನೋಡಿದೆ, ಆಗ ತಾನೆ ಕಾಫಿ ಬಗ್ಗಿಸಿದ ಲೋಟದ ಥರ ಸುಡ್ತಿತ್ತು. ಸುತ್ತಿರೋ ವೈರಿಗೆ ಬಿಸಿ ಹೊರಗೆ ಬಿಡೋಕೆ ದಾರಿ ಇರಲ್ಲ, ಹಾಗಾಗಿ ಬಿಚ್ಚಿ ಹಾಸಿದ್ರೆ ತಡೆಯೋ ಲೋಡನ್ನ ಸುತ್ತಿಟ್ಟಾಗ ತಡೆಯಲ್ಲ, ಇನ್ಸುಲೇಷನ್ ಮೆತ್ತಗಾಗಿ ಒಳಗೊಳಗೇ ಶಾರ್ಟ್ ಆಗತ್ತೆ. ಹುಡುಗನಿಗೆ ಹೇಳಿದ್ರೆ "ಅಣ್ಣ ನಾವು ಯಾವಾಗ್ಲೂ ಹಿಂಗೇ ಮಾಡೋದು" ಅಂದ. ಫ್ಯಾಕ್ಟರೀಲೂ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಪಕ್ಕದಲ್ಲೇ ನಿಂತು ವೈರ್ ಪೂರ್ತಿ ಬಿಚ್ಚಿಸಿ, ಎಲ್‌ಇಡಿ ವಾಲ್‌ಗೆ ಬೇರೆ ಪಾಯಿಂಟ್ ಕೊಡಿಸಿದೆ.

ಆಮೇಲೆ ಬಾಗಿಲು. ಸ್ಟೇಜ್ ಎಡಗಡೆ ಗೋಡೆ ಮೇಲೆ ಹಸಿರು ಎಕ್ಸಿಟ್ ಬೋರ್ಡ್ ಉರೀತಿದೆ, ಕೆಳಗೆ ಬಾಗಿಲೇ ಇಲ್ಲ, ಥರ್ಮೋಕೋಲ್ ಮತ್ತೆ ಪಾಲಿಯೆಸ್ಟರ್ ಬಟ್ಟೆಯ ದೊಡ್ಡ ಬ್ಯಾಕ್‌ಡ್ರಾಪ್, ಮೇಲೆ ಪ್ಲಾಸ್ಟಿಕ್ ಹೂವು. ಸರಿಸಿ ನೋಡಿದ್ರೆ ಬಾಗಿಲು ಹಿಂದೆ ಇತ್ತು, ತಳ್ಳಿದ್ರೆ ತೆಗೆಯೋ ಬಾರ್ ಇರೋದು, ಆದ್ರೆ ಬಾರಿಗೆ ಪ್ಲಾಸ್ಟಿಕ್ ಟ್ಯಾಗ್ ಬಿಗಿದು ಕಟ್ಟಿದ್ರು. ಯಾಕೆ ಅಂದ್ರೆ ಕರೀದೆ ಬರೋರು ಅಲ್ಲಿಂದ ಊಟಕ್ಕೆ ನುಗ್ತಾರಂತೆ! ಟ್ಯಾಗ್ ಕತ್ತರಿಸಿ ತೆಗೆದ್ರೆ ಮೆಟ್ಟಿಲ ಮೇಲೆ ಮಡಚಿದ ಟೇಬಲ್ಲು, ಕುರ್ಚಿ, ಸೊಂಟದವರೆಗೂ. ಮ್ಯಾನೇಜರನ್ನ ಕರೆಸಿದೆ, "ಸಾರ್ ಅದು ಡೆಕೋರೇಷನ್‌ನವರದ್ದು" ಅಂದ್ರು. ಡೆಕೋರೇಷನ್‌ನವರು "ಹೋಟೆಲ್‌ನವರೇ ಇಲ್ಲಿ ಕಟ್ಟಿ ಅಂದಿದ್ದು" ಅಂದ್ರು. ಇವೆಂಟ್ ಮ್ಯಾನೇಜರ್ ಹುಡುಗಿ ಫೋನಲ್ಲಿ ಬ್ಯುಸಿ. ಅಲ್ಲಿಗೆ ಆ ಬಾಗಿಲಿಗೆ ವಾರಸುದಾರರೇ ಇಲ್ಲ ಅಂತಾಯ್ತು, ಎಲ್ಲಾ ಒಂದೇ ಕಡೆ ಸಿಗತ್ತೆ ಅಂತ ನಾವು ಹೋಟೆಲ್‌ಗೆ ಬಂದಿದ್ದು ನೋಡಿ.

ಭಾವ ಪಂಚೆ ಎತ್ಕೊಂಡು ಬಂದು "ಶುಭಕಾರ್ಯದ ದಿನ ಬೆಂಕಿ ಗಿಂಕಿ ಅಂತ ಬಾಯಲ್ಲಿ ತರಬೇಡ ಮಾರಾಯ" ಅಂದ್ರು. ನಾನು ಕಾರ್ಲ್‌ಟನ್ ಟವರ್ಸ್ ನೆನಪಿದೆಯಾ ಭಾವ ಅಂದೆ. 2010ರ ಫೆಬ್ರವರಿ 23, ಹಳೇ ಏರ್‌ಪೋರ್ಟ್ ರೋಡಿನ ಆ ಬಿಲ್ಡಿಂಗಿಗೆ ಬೆಂಕಿ ಬಿದ್ದು 9 ಜನ ಹೋದ್ರು, ಹೊಗೆ ತಡೀಲಾರದೆ ಕಿಟಕಿಯಿಂದ ಹಾರಿದೋರನ್ನ ನಾವೆಲ್ಲ ಟಿವೀಲಿ ನೋಡಿದ್ವಿ, ಅಲ್ಲೂ ಎಮರ್ಜೆನ್ಸಿ ಬಾಗಿಲು ಬೀಗ ಹಾಕಿತ್ತು. ಭಾವ ಮಾತಾಡ್ಲಿಲ್ಲ. ಸ್ವಲ್ಪ ಹೊತ್ತಾದ್ಮೇಲೆ ಅವರೇ ಹೋಗಿ ಮ್ಯಾನೇಜರ್ ಹತ್ರ ಜೋರು ಮಾಡಿ ಕುರ್ಚಿ ತೆಗೆಸಿದ್ರು, ಬ್ಯಾಕ್‌ಡ್ರಾಪ್ ಆ ಕಡೆ ಸರೀತು.

ಫಂಕ್ಷನ್ ಚೆನ್ನಾಗಾಯ್ತು, ಹಾಲ್ 300 ಜನಕ್ಕೆ ಅಂತ ಬುಕ್ ಮಾಡಿದ್ದು ಬಂದೋರು ಅದಕ್ಕಿಂತ ಜಾಸ್ತೀನೇ, ನಮ್ಮ ಕಡೆ ಇದೇನು ಹೊಸದಲ್ಲ. ಹುಡುಗ ಹುಡುಗಿ ಎಂಟ್ರಿಗೆ ಕೋಲ್ಡ್ ಪೈರೋ ಅಂತ ಕಿಡಿ ಚಿಮ್ಮಿಸೋ ಮಷೀನು ಇಟ್ಟಿದ್ರು, ಹೆಸರಿಗೆ ಕೋಲ್ಡ್ ಅಷ್ಟೇ, ಉದುರೋದು ಉರಿಯೋ ಲೋಹದ ಪುಡಿ, ಅದನ್ನ ಬಟ್ಟೆ ಕಮಾನಿನಿಂದ ದೂರ ಇಡಿಸೋಷ್ಟರಲ್ಲಿ ಫೋಟೋಗ್ರಾಫರ್‌ಗೆ ನನ್ನ ಮೇಲೆ ಸಿಟ್ಟು. ಬಫೆ ಹತ್ರ ಒಬ್ಬ ಹುಡುಗ ಊಟ ಬಿಸಿ ಇರ್ಲಿ ಅಂತ ಪಾತ್ರೆ ಕೆಳಗೆ ಉರಿಸೋ ಜೆಲ್ ಡಬ್ಬಿ ಆರಿದೆ ಅನ್ಕೊಂಡು ಮೇಲಿಂದ ಜೆಲ್ ಸುರಿಯೋಕೆ ಬಗ್ಗಿದ್ದ, ಆ ಉರಿ ಲೈಟಿನ ಬೆಳಕಲ್ಲಿ ಕಾಣೋದೇ ಇಲ್ಲ, ಕೈ ಹಿಡಿದು ಎಳೆದೆ.

ಸ್ಮೋಕ್ ಪಾನ್ ಕೌಂಟರ್ ಮಾತ್ರ ಅಕ್ಕಾನೇ ಬುಕಿಂಗ್ ಟೈಮಲ್ಲೇ ಬೇಡ ಅಂದಿದ್ಲು. 2024ರಲ್ಲಿ ಬೆಂಗಳೂರಲ್ಲೇ ಒಂದು ರಿಸೆಪ್ಷನ್ನಲ್ಲಿ ಲಿಕ್ವಿಡ್ ನೈಟ್ರೋಜನ್ ಹಾಕಿದ ಪಾನ್ ತಿಂದು 12 ವರ್ಷದ ಹುಡುಗಿ ಹೊಟ್ಟೆ ತೂತಾಗಿ ಆಪರೇಷನ್ ಮಾಡಬೇಕಾಯ್ತಲ್ಲ, ಆ ಸುದ್ದಿ ಓದಿದ್ಲು. ಮೈನಸ್ 196 ಡಿಗ್ರಿ ಇರೋದನ್ನ ಮಕ್ಕಳ ಬಾಯಿಗೆ ಹಾಕಿ ವೀಡಿಯೋ ತಗೊಳ್ಳೋದು ಎಂಥ ಶೋಕಿನೋ.

ಮಾರನೇ ದಿನ ಬಿಲ್ ಸೆಟ್ಲ್ ಮಾಡುವಾಗ ಡೆಕೋರೇಷನ್‌ನವರು ಬ್ಯಾಕ್‌ಡ್ರಾಪ್ ಶಿಫ್ಟಿಂಗ್ ಚಾರ್ಜ್ ಅಂತ ಮೂರು ಸಾವಿರ ಎಕ್ಸ್ಟ್ರಾ ಹಾಕಿದ್ರು. ಭಾವ ಬಿಲ್ ಓದಿ, ಆ ಸಾಲಿಗೆ ಪೆನ್ನಲ್ಲಿ ರೌಂಡ್ ಹಾಕಿ ನನ್ ಕೈಗೆ ಕೊಟ್ರು. ಕೊಟ್ಟೆ, ಇನ್ನೇನ್ ಮಾಡೋದು.