ಓಟವಿಲ್ಲದ ದಿನ ಏನು ಮಾಡಬೇಕು, ಎಷ್ಟು ಮಾಡಬೇಕು

ಓಡಲು ಶುರುಮಾಡಿದ ಮೂರನೆಯ ಅಥವಾ ನಾಲ್ಕನೆಯ ವಾರಕ್ಕೆ ಬಹಳ ಜನರಿಗೆ ಹುಮ್ಮಸ್ಸು ಏರುತ್ತದೆ. ಮೊದಲ ದಿನ ಎರಡು ನಿಮಿಷಕ್ಕೇ ಏದುಸಿರು ಬಿಟ್ಟವರು ಈಗ ಹತ್ತು ನಿಮಿಷ ನಿಲ್ಲದೆ ಓಡುತ್ತಾರೆ. ಹಾಗಾಗಿ ವಿಶ್ರಾಂತಿಯ ದಿನ ಸುಮ್ಮನೆ ಕೂರಲು ಮನಸ್ಸು ಒಪ್ಪುವುದಿಲ್ಲ. ಮೊಣಕಾಲ ಕೆಳಗೆ, ಮೂಳೆಯ ಒಳಅಂಚಿನಲ್ಲಿ ನೋವು ಕಾಣಿಸಿಕೊಳ್ಳುವುದೂ ಹೆಚ್ಚಾಗಿ ಇದೇ ಹೊತ್ತಿಗೆ.

ಇವೆರಡೂ ಒಟ್ಟಿಗೆ ಬರಲು ಕಾರಣವಿದೆ. ಹೃದಯ, ಉಸಿರಾಟ, ರಕ್ತಸಂಚಾರ ಕೆಲವೇ ವಾರಗಳಲ್ಲಿ ಪಳಗುತ್ತವೆ. ಮೂಳೆಗೂ ಸ್ನಾಯುರಜ್ಜುಗಳಿಗೂ ತಿಂಗಳುಗಳೇ ಬೇಕು. ಓಡುವಾಗ ಒಂದೊಂದು ಹೆಜ್ಜೆಗೂ ದೇಹದ ತೂಕದ ಸುಮಾರು ಎರಡರಿಂದ ಮೂರು ಪಟ್ಟು ಬಲ ಕಾಲಿಗೆ ತಟ್ಟುತ್ತದೆ. ನಿಮಿಷಕ್ಕೆ 160 ಹೆಜ್ಜೆ ಎಂದು ಹಿಡಿದರೂ ಅರ್ಧ ಗಂಟೆಗೆ 4,800 ಪೆಟ್ಟು. ಮೂಳೆ ಇದಕ್ಕೆ ಹೊಂದಿಕೊಳ್ಳುವಾಗ ಮೊದಲು ಹಳೆಯ ಅಂಶವನ್ನು ಕರಗಿಸಿಕೊಂಡು, ಆಮೇಲೆ ಹೊಸದನ್ನು ಕಟ್ಟುತ್ತದೆ. ನಡುವಿನ ಕೆಲವು ವಾರ ಆ ಜಾಗ ಮೊದಲಿಗಿಂತಲೂ ಸೂಕ್ಷ್ಮವಾಗಿರುತ್ತದೆ. ಉಸಿರು ‘ಇನ್ನೂ ಓಡಬಲ್ಲೆ’ ಎನ್ನುವ ಹೊತ್ತಿಗೇ ಕಾಲಿನ ಮೂಳೆ ಅರ್ಧ ಕಟ್ಟಿದ ಸ್ಥಿತಿಯಲ್ಲಿ ಇರಬಹುದು.

ಕ್ರಾಸ್ ಟ್ರೈನಿಂಗ್, ಅಂದರೆ ಓಟದ ಬದಲು ಸೈಕಲ್, ಈಜಿನಂಥ ಬೇರೆ ವ್ಯಾಯಾಮ, ಉಪಯೋಗಕ್ಕೆ ಬರುವುದು ಈ ಅಂತರದಲ್ಲಿ. ಹೃದಯಕ್ಕೆ ಕೆಲಸ ಕೊಟ್ಟು, ಕಾಲಿಗೆ ಪೆಟ್ಟು ತಪ್ಪಿಸುವುದು ಅದರ ಉದ್ದೇಶ. ಅದು ಸರಿಯಾಗಿ ಆಯಿತೋ ಇಲ್ಲವೋ ಎಂಬುದು ಗೊತ್ತಾಗುವುದು ಮಾರನೆಯ ದಿನದ ಓಟದಲ್ಲಿ. ಮೊದಲ ಹತ್ತು ನಿಮಿಷ ಕಳೆದ ಮೇಲೂ ಕಾಲು ಭಾರವಾಗಿದ್ದರೆ, ಹಿಂದಿನ ದಿನ ಮಾಡಿದ್ದು ಹೆಚ್ಚಾಯಿತು ಎಂದೇ ಅರ್ಥ. ಎಷ್ಟು ಬೆವರಿಳಿಯಿತು, ವಾಚು ಎಷ್ಟು ಕ್ಯಾಲೊರಿ ತೋರಿಸಿತು ಎಂಬುದರಿಂದ ಇದು ತಿಳಿಯುವುದಿಲ್ಲ.

ಶ್ರಮದ ಮಟ್ಟವನ್ನು ಮಾತಿನಿಂದ ಅಳೆಯಿರಿ. ಪೂರ್ತಿ ವಾಕ್ಯಗಳನ್ನು ತಡವರಿಸದೆ ಆಡಲು ಬರಬೇಕು. ಮೂರು ನಾಲ್ಕು ಪದಕ್ಕೊಮ್ಮೆ ಉಸಿರು ಎಳೆದುಕೊಳ್ಳುವಂತಾದರೆ ವೇಗ ಇಳಿಸಿ. ಹತ್ತಕ್ಕೆ ಅಂಕ ಕೊಡುವುದಾದರೆ ಮೂರು, ಹೆಚ್ಚೆಂದರೆ ನಾಲ್ಕು. ನಾಡಿಬಡಿತ ನೋಡುವ ಅಭ್ಯಾಸವಿದ್ದವರು ಒಂದು ವಿಷಯ ಗಮನಿಸಬೇಕು: ಅಷ್ಟೇ ಶ್ರಮಕ್ಕೆ ಸೈಕಲ್ ಮೇಲೆ ಬಡಿತ ಓಟಕ್ಕಿಂತ ಸಾಮಾನ್ಯವಾಗಿ 5ರಿಂದ 10 ಕಡಿಮೆ ಇರುತ್ತದೆ, ಈಜುವಾಗ ಇನ್ನೂ ಕಡಿಮೆ. ಓಟದ ಅಂಕಿಯನ್ನೇ ಗುರಿಯಾಗಿಟ್ಟುಕೊಂಡು ಸೈಕಲ್ ತುಳಿದರೆ ಹಗುರವಾಗಬೇಕಿದ್ದ ದಿನ ಕಠಿಣ ದಿನವಾಗಿಬಿಡುತ್ತದೆ. ಇದು ತುಂಬ ಜನ ಮಾಡುವ ತಪ್ಪು.

ಹೊಸ ಓಟಗಾರರಿಗೆ ನಾನು ಮೊದಲು ಹೇಳುವುದು ಸೈಕಲ್. ರಸ್ತೆಯದಾದರೂ ಸರಿ, ಜಿಮ್ಮಿನ ನಿಂತ ಸೈಕಲ್ ಆದರೂ ಸರಿ. ತುಳಿಯುವ ಮುನ್ನ ಸೀಟಿನ ಎತ್ತರ ಸರಿಮಾಡಿಕೊಳ್ಳಿ. ಸೀಟಿನ ಮೇಲೆ ಕೂತು, ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು, ಪೆಡಲನ್ನು ಪೂರ್ತಿ ಕೆಳಕ್ಕೆ ತನ್ನಿ. ಆಗ ಕಾಲು ನೇರವಾಗಬೇಕು, ಸೊಂಟ ಒಂದು ಕಡೆಗೆ ವಾಲಬಾರದು. ಆಮೇಲೆ ಪಾದದ ಮುಂಭಾಗವನ್ನು, ಅಂದರೆ ಹೆಬ್ಬೆರಳಿನ ಬುಡದ ದಪ್ಪ ಭಾಗವನ್ನು, ಪೆಡಲ್ ಮೇಲಿಟ್ಟರೆ ಮಂಡಿ ತಾನಾಗಿಯೇ ಬೇಕಾದಷ್ಟು ಬಾಗುತ್ತದೆ. ಸುಮಾರು 25ರಿಂದ 35 ಡಿಗ್ರಿ. ಸೀಟು ತಗ್ಗಿದ್ದರೆ ನೋವು ಮಂಡಿಯ ಮುಂದೆ, ಚಿಪ್ಪಿನ ಸುತ್ತ ಬರುತ್ತದೆ. ಅತಿ ಎತ್ತರವಾದರೆ ಮಂಡಿಯ ಹಿಂದೆ ಎಳೆತ, ಪ್ರತಿ ತುಳಿತಕ್ಕೂ ಸೊಂಟ ಅತ್ತಿತ್ತ ಹೊಯ್ದಾಟ. ‘ಸೈಕಲ್ ತುಳಿದರೆ ನನಗೆ ಮಂಡಿ ನೋಯುತ್ತದೆ’ ಎನ್ನುವವರು ಮೊದಲು ಸೀಟಿನ ಎತ್ತರ ನೋಡಿಕೊಳ್ಳಲಿ.

ಇನ್ನು ಗೇರ್. ಭಾರದ ಗೇರಿನಲ್ಲಿ ನಿಧಾನವಾಗಿ ಒತ್ತಿ ತುಳಿಯುವುದು ಬೇಡ. ಅದು ತೊಡೆಯ ಮುಂಭಾಗದ ಸ್ನಾಯುಗಳನ್ನು ದಣಿಸುತ್ತದೆ, ಮಾರನೆಯ ದಿನ ಓಡಲು ಬೇಕಾದ ಸ್ನಾಯುಗಳೂ ಅವೇ. ಹಗುರ ಗೇರಿನಲ್ಲಿ ನಿಮಿಷಕ್ಕೆ 80ರಿಂದ 90 ಸುತ್ತು ಬರುವಂತೆ ತುಳಿಯಿರಿ. ಮೀಟರ್ ಇಲ್ಲದಿದ್ದರೆ ಬಲ ಮಂಡಿ ಮೇಲೆ ಬಂದದ್ದನ್ನು 15 ಸೆಕೆಂಡ್ ಎಣಿಸಿ. 20ರಿಂದ 22 ಬಂದರೆ ಸರಿ. ಮೊದಲ ಸಲ 20 ನಿಮಿಷ ಸಾಕು. ವಾರಕ್ಕೆ ಐದೈದು ನಿಮಿಷ ಏರಿಸುತ್ತ 45 ನಿಮಿಷಕ್ಕೆ ನಿಲ್ಲಿಸಿ. ಏರುಗಳಿರುವ ದಾರಿಯನ್ನು ವಿಶ್ರಾಂತಿಯ ದಿನಕ್ಕೆ ಆರಿಸಬೇಡಿ. ಅಲ್ಲಿ ಶ್ರಮವನ್ನು ನಿರ್ಧರಿಸುವುದು ನೀವಲ್ಲ, ರಸ್ತೆ.

ಈಜು ಬರುವವರಿಗೆ ಕಾಲಿಗೆ ಅದಕ್ಕಿಂತ ಹಿತವಾದದ್ದು ಇನ್ನೊಂದಿಲ್ಲ. ಆದರೆ ಈಜಿನಲ್ಲಿ ಪಳಗದವರಿಗೆ ‘ನಿಧಾನ’ ಎಂಬುದೇ ಕೈಗೆ ಸಿಗುವುದಿಲ್ಲ. 25 ಮೀಟರಿಗೇ ದಮ್ಮು ಕಟ್ಟುತ್ತದೆ. ಬಹುಪಾಲು ಇದಕ್ಕೆ ಕಾರಣ ನೀರಿನೊಳಗೆ ಉಸಿರು ಬಿಗಿಹಿಡಿಯುವುದು. ಮುಖ ನೀರಿನಲ್ಲಿರುವಷ್ಟು ಹೊತ್ತೂ ಮೂಗು ಬಾಯಿಗಳಿಂದ ಗುಳ್ಳೆ ಬಿಡುತ್ತಲೇ ಇರಬೇಕು, ತಲೆ ಹೊರಳಿಸಿದಾಗ ಒಳಗೆಳೆದುಕೊಳ್ಳುವುದಷ್ಟೇ ಉಳಿಯಬೇಕು. ಕೊಳದ ಒಂದು ಉದ್ದ ಈಜಿ, ಅಂಚು ಹಿಡಿದು 20ರಿಂದ 30 ಸೆಕೆಂಡ್ ಸುಧಾರಿಸಿಕೊಂಡು, ಮತ್ತೆ ಹೊರಡಿ. ಹೀಗೆ ಎಂಟರಿಂದ ಹನ್ನೆರಡು ಉದ್ದ ಆದರೆ ಆ ದಿನಕ್ಕೆ ಸಾಕು. ಕಾಲನ್ನು ಜೋರಾಗಿ ಬಡಿಯುವ ಅಗತ್ಯವಿಲ್ಲ, ದೇಹ ಸಮತಟ್ಟಾಗಿ ತೇಲಲು ಬೇಕಾದಷ್ಟು ಆಡಿಸಿದರಾಯಿತು. ಮಂಡಿಯ ಒಳಭಾಗದಲ್ಲಿ ನೋವಿರುವವರು ಬ್ರೆಸ್ಟ್‌ಸ್ಟ್ರೋಕ್ ಬಿಡಬೇಕು. ಕಪ್ಪೆಯಂತೆ ಕಾಲು ಅಗಲಿಸಿ ಒದೆಯುವಾಗ ಮಂಡಿಯ ಒಳಬದಿಯ ಅಸ್ಥಿರಜ್ಜು ಎಳೆದಂತಾಗುತ್ತದೆ.

ಸೈಕಲ್ಲೂ ಇಲ್ಲ, ಕೊಳವೂ ಇಲ್ಲ ಎನ್ನುವವರಿಗೆ ಬಿರುಸು ನಡಿಗೆಯಿದೆ. ಸಮತಟ್ಟಾದ ನೆಲದಲ್ಲಿ 30ರಿಂದ 40 ನಿಮಿಷ. ನಡೆಯುವಾಗ ಒಂದು ಪಾದವಾದರೂ ಸದಾ ನೆಲದ ಮೇಲಿರುವುದರಿಂದ ಪೆಟ್ಟು ಓಟದ ಸುಮಾರು ಅರ್ಧದಷ್ಟೇ ಇರುತ್ತದೆ. ಪಾದ ಎತ್ತದೆ ನಡೆದಂತೆ ಕಾಲಾಡಿಸುವ ಜಿಮ್ಮಿನ ಎಲಿಪ್ಟಿಕಲ್ ಯಂತ್ರವೂ ಒಳ್ಳೆಯದೇ, ಆದರೆ ಹಿಡಿಕೆಗಳ ಮೇಲೆ ಮೈಭಾರ ಹಾಕಿ ಒರಗಬೇಡಿ. ಕಾಲ್ಬೆರಳು ಜೋಮು ಹಿಡಿದರೆ ಭಾರವೆಲ್ಲ ಪಾದದ ಮುಂಭಾಗಕ್ಕೆ ಬಿದ್ದಿದೆ ಎಂದರ್ಥ. ಹಿಮ್ಮಡಿಗೂ ಭಾರ ಕೊಡಿ, ಲೇಸು ಸ್ವಲ್ಪ ಸಡಿಲಿಸಿ.

ಬ್ಯಾಡ್ಮಿಂಟನ್, ಫುಟ್‌ಬಾಲ್, ಹಗ್ಗ ಜಿಗಿತಗಳನ್ನು ಈ ದಿನಕ್ಕೆ ತರಬೇಡಿ. ಆಟ ಕೆಟ್ಟದ್ದೆಂದಲ್ಲ. ಜಿಗಿತ, ತಟ್ಟನೆ ನಿಲ್ಲುವುದು, ದಿಕ್ಕು ಬದಲಿಸುವುದು ಇವೆಲ್ಲ ಮೀನಖಂಡಕ್ಕೂ ಹಿಮ್ಮಡಿಯ ಮೇಲಿನ ಅಕಿಲಿಸ್ ರಜ್ಜುವಿಗೂ ಓಟದಷ್ಟೇ, ಕೆಲವೊಮ್ಮೆ ಓಟಕ್ಕಿಂತ ಹೆಚ್ಚಿನ ಹೊರೆ. ಆಡುವ ಆಸೆಯಿದ್ದರೆ ಆ ವಾರದ ಒಂದು ಓಟವನ್ನು ಬಿಟ್ಟು ಆಡಿ.

ಸ್ನಾಯುಬಲದ ವ್ಯಾಯಾಮ ಹೊಸ ಓಟಗಾರರಿಗೆ ಬೇಕೇ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಯಾವ ದಿನ ಎಂಬುದರಲ್ಲಿ ಮಾತ್ರ ಎಚ್ಚರ ಬೇಕು. ಹೊಸ ವ್ಯಾಯಾಮದ ಮೈನೋವು ಅದೇ ದಿನ ಬರುವುದಿಲ್ಲ, ಒಂದರಿಂದ ಮೂರು ದಿನಗಳ ನಡುವೆ ತಾರಕಕ್ಕೇರುತ್ತದೆ. ಶನಿವಾರ ಸ್ಕ್ವಾಟ್, ಅಂದರೆ ಬಸ್ಕಿ, ಮಾಡಿ ಭಾನುವಾರ ದೀರ್ಘ ಓಟಕ್ಕೆ ಹೊರಟರೆ ನೊಂದ ತೊಡೆ ಹೆಜ್ಜೆಯ ರೀತಿಯನ್ನೇ ಬದಲಿಸುತ್ತದೆ, ಭಾರ ಬೇರೆಲ್ಲೋ ಬೀಳುತ್ತದೆ. ಆದ್ದರಿಂದ ಕಾಲಿನ ವ್ಯಾಯಾಮವನ್ನು ದೀರ್ಘ ಓಟಕ್ಕೆ ಕನಿಷ್ಠ ಎರಡು ದಿನ ಮೊದಲೇ ಮುಗಿಸಿ. ಚಿಕ್ಕ ಓಟದ ದಿನವೇ, ಓಟವಾದ ಮೇಲೆ ಮಾಡಿದರೆ ಇನ್ನೂ ಒಳ್ಳೆಯದು; ವಿಶ್ರಾಂತಿಯ ದಿನ ಮುಟ್ಟದೆ ಉಳಿಯುತ್ತದೆ.

ಐದು ವ್ಯಾಯಾಮ ಸಾಕು: ಸ್ಕ್ವಾಟ್, ಬೆನ್ನ ಮೇಲೆ ಮಲಗಿ ಸೊಂಟ ಎತ್ತುವ ಬ್ರಿಡ್ಜ್, ಪಕ್ಕಕ್ಕೆ ಮಲಗಿ ಮೊಣಕೈ ಊರಿ ಸೊಂಟ ಎತ್ತಿಹಿಡಿಯುವ ಪ್ಲ್ಯಾಂಕ್, ಒಂದು ಮೆಟ್ಟಿಲಿನಿಂದ ನಿಧಾನವಾಗಿ ಒಂಟಿ ಕಾಲಲ್ಲಿ ಇಳಿಯುವುದು, ಹಿಮ್ಮಡಿ ಎತ್ತುವುದು. ಪ್ಲ್ಯಾಂಕ್ ಒಂದೊಂದು ಬದಿಗೆ 20ರಿಂದ 30 ಸೆಕೆಂಡ್, ಉಳಿದವು 8ರಿಂದ 12ರಂತೆ ಎರಡು ಸುತ್ತು. ಮೆಟ್ಟಿಲು ಇಳಿಯುವಾಗ ಮಂಡಿ ಒಳಕ್ಕೆ ವಾಲುತ್ತಿದೆಯೇ ಎಂದು ಕನ್ನಡಿಯಲ್ಲಿ ನೋಡಿಕೊಳ್ಳಿ. ವಾಲಿದರೆ ಇನ್ನೂ ಗಿಡ್ಡ ಮೆಟ್ಟಿಲು ಆರಿಸಿಕೊಳ್ಳಿ. ಹಿಮ್ಮಡಿ ಎತ್ತುವುದನ್ನು ಒಂದು ಸುತ್ತು ಮಂಡಿ ನೇರವಾಗಿಟ್ಟು, ಇನ್ನೊಂದು ಸುತ್ತು ಮಂಡಿ ಸ್ವಲ್ಪ ಬಾಗಿಸಿ ಮಾಡಿ. ಮೀನಖಂಡದಲ್ಲಿ ಮೇಲೊಂದು, ಒಳಗೊಂದು ಸ್ನಾಯುವಿದೆ. ಒಳಗಿನದಕ್ಕೆ ಹೆಚ್ಚು ಕೆಲಸ ಸಿಗುವುದು ಮಂಡಿ ಬಾಗಿದಾಗ. ಓಟದಲ್ಲಿ ಬಹಳ ದುಡಿಯುವ ಸ್ನಾಯು ಅದು, ಹೆಚ್ಚಿನವರು ಮರೆಯುವುದೂ ಅದನ್ನೇ.

ವಾರಕ್ಕೆ ಮೂರು ಓಟ ಇರುವವರು ಹೀಗೆ ಜೋಡಿಸಿಕೊಳ್ಳಬಹುದು. ಭಾನುವಾರ ದೀರ್ಘ ಓಟ, ಸೋಮವಾರ ಪೂರ್ಣ ವಿಶ್ರಾಂತಿ. ಮಂಗಳವಾರ ಚಿಕ್ಕ ಓಟ, ಅದರ ಬೆನ್ನಿಗೇ 20 ನಿಮಿಷ ಸ್ನಾಯುಬಲ. ಬುಧವಾರ ಸೈಕಲ್ ಅಥವಾ ಈಜು. ಗುರುವಾರ ಓಟ, ಶಕ್ತಿಯಿದ್ದರೆ ಸ್ನಾಯುಬಲ ಇನ್ನೊಮ್ಮೆ. ಶುಕ್ರವಾರ ಸೈಕಲ್ ಅಥವಾ ನಡಿಗೆ, ಶನಿವಾರ ಏನೂ ಇಲ್ಲ. ಓಟವನ್ನು ಈಗಷ್ಟೇ ಶುರುಮಾಡಿದವರು ಮೊದಲ ನಾಲ್ಕು ವಾರ ಬುಧವಾರದ್ದೊಂದನ್ನೇ ಇಟ್ಟುಕೊಳ್ಳಲಿ. ಎರಡು ಹೊಸ ಹೊರೆಗಳನ್ನು ಒಂದೇ ವಾರ ಸೇರಿಸಿದರೆ, ನೋವು ಬಂದಾಗ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ.

ಪೂರ್ಣ ವಿಶ್ರಾಂತಿಯ ದಿನವನ್ನು ಯಾವುದಕ್ಕೂ ಬಿಟ್ಟುಕೊಡಬೇಡಿ. ಬೆಳಿಗ್ಗೆ ಎದ್ದು, ಹಾಸಿಗೆಯಿಂದ ಇಳಿಯುವ ಮುನ್ನ ನಾಡಿ ಎಣಿಸುವ ರೂಢಿ ಇಟ್ಟುಕೊಂಡರೆ ಒಳ್ಳೆಯದು. ಎಂದಿಗಿಂತ ಏಳೆಂಟು ಬಡಿತ ಹೆಚ್ಚಿದ್ದು, ನಿದ್ದೆಯೂ ಸರಿಯಾಗಿಲ್ಲ, ಮೆಟ್ಟಿಲು ಹತ್ತುವಾಗ ತೊಡೆ ಸೋಲುತ್ತಿದೆ ಎಂದರೆ ಆ ದಿನದ ಸೈಕಲ್ಲನ್ನೂ ಬಿಡಿ. ಜ್ವರ ಬರುವ ಮುನ್ನವೂ ನಾಡಿ ಹೀಗೆಯೇ ಏರುತ್ತದೆ.

ನೋವಿನಲ್ಲಿಯೂ ಭೇದ ತಿಳಿದಿರಲಿ. ಮೊಣಕಾಲ ಕೆಳಗಿನ ಮೂಳೆಯ ಒಳಅಂಚಿನ ಉದ್ದಕ್ಕೂ ಹರಡಿದ ನೋವಾದರೆ ಅದು ಸಾಮಾನ್ಯವಾಗಿ ಶಿನ್ ಸ್ಪ್ಲಿಂಟ್ಸ್. ಓಟ ನಿಲ್ಲಿಸಿ, ನೋವಾಗದಿದ್ದರೆ ಸೈಕಲ್, ಈಜು ಮುಂದುವರಿಸಬಹುದು. ಒಂದೇ ಬೆರಳಿನಿಂದ ತೋರಿಸಬಹುದಾದ ಜಾಗದಲ್ಲಿ ಮೂಳೆ ನೋಯುತ್ತಿದ್ದರೆ, ರಾತ್ರಿ ಮಲಗಿದಾಗಲೂ ಬಿಡದಿದ್ದರೆ, ಮೂಳೆಯಲ್ಲಿ ಸಣ್ಣ ಬಿರುಕು ಇರಬಹುದು. ಆಗ ಯಾವ ವ್ಯಾಯಾಮವೂ ಬೇಡ, ವೈದ್ಯರನ್ನು ಕಾಣಿ.

ಹೀಗೆ ಕೆಲವು ವಾರ ಓಟ ಬಿಟ್ಟು ಸೈಕಲ್ಲಿನಲ್ಲೇ ಕಳೆದವರಿಗೆ ಮರಳಿ ಓಡುವ ದಿನ ನಿಜವಾದ ಅಪಾಯ ಕಾದಿರುತ್ತದೆ. ಸೈಕಲ್ಲಾಗಲಿ ಈಜಾಗಲಿ ಮೂಳೆಗೆ ಪೆಟ್ಟಿನ ಹೊರೆ ಕೊಡುವುದಿಲ್ಲ. ದಮ್ಮು ಹಾಗೇ ಉಳಿದಿರುತ್ತದೆ, ಕಾಲಿಗೆ ಪೆಟ್ಟಿನ ರೂಢಿ ತಪ್ಪಿರುತ್ತದೆ. ಅದಕ್ಕೇ ಮೊದಲ ದಿನ ಉಸಿರಿನ ಮಾತು ಕೇಳದೆ, ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಎಂಟು ಸಲ ಮಾಡಿ ಮನೆಗೆ ಬನ್ನಿ. ಒಂದು ದಿನ ಬಿಟ್ಟು, ನೋವಿಲ್ಲದಿದ್ದರೆ ಅದನ್ನೇ ಇನ್ನೊಮ್ಮೆ ಮಾಡಿ. ಎರಡು ನಿಮಿಷದ ಓಟಕ್ಕೆ ಏರಿಸುವುದು ಅದಾದ ಮೇಲೆ.