ವರ್ಕಲಾ: 3 ದಿನ, 18 ನಿಮಿಷ

ಮಾರ್ಚ್ ಮೊದಲ ಭಾನುವಾರ, ಮಾಗಡಿ ಹತ್ತಿರ

ಕೊಯ್ಲಾದ ರಾಗಿ ಹೊಲದಲ್ಲಿ ಇದು ನಮ್ಮ 9ನೇ ಭಾನುವಾರ. ಮಹಾರಾಷ್ಟ್ರದ ಕಾಮ್‌ಶೇತ್‌ನಲ್ಲಿ ಪ್ಯಾರಾಗ್ಲೈಡಿಂಗ್ ಕೋರ್ಸ್ ಮುಗಿಸಿ ಬೆಂಗಳೂರಿಗೆ ಬಂದ ಮೇಲೆ ನಾವು ನಾಲ್ವರು ಇಲ್ಲೇ ಗ್ರೌಂಡ್ ಹ್ಯಾಂಡ್ಲಿಂಗ್ ಮಾಡುತ್ತಿದ್ದೇವೆ. ಹಾರುವುದಿಲ್ಲ, ಗಾಳಿಗೆ ವಿಂಗ್, ಅಂದರೆ ಬಟ್ಟೆಯ ರೆಕ್ಕೆ, ಎತ್ತಿ ತಲೆ ಮೇಲೆ ನಿಲ್ಲಿಸಿಕೊಳ್ಳುವುದು, ಅಷ್ಟೇ. ಕೂಳೆಗೆ ದಾರ ಸಿಕ್ಕಿಕೊಂಡರೆ ಬಿಡಿಸುವಷ್ಟರಲ್ಲಿ ಬಿಸಿಲೇರುತ್ತದೆ. ಇವತ್ತು 2 ನಿಮಿಷ ಪೂರ್ತಿ ನನ್ನ ವಿಂಗ್ ಬೀಳಲಿಲ್ಲ! ಸಂಜೆಯೇ ರೈಲು ಟಿಕೆಟ್ ಮಾಡಿಸಿದೆವು.

ಶುಕ್ರವಾರ, ವರ್ಕಲಾ

ಕನ್ಯಾಕುಮಾರಿ ಎಕ್ಸ್‌ಪ್ರೆಸ್‌ನಲ್ಲಿ ಬಂದಿಳಿದೆವು. ಕೇರಳದ ಈ ಊರಲ್ಲಿ ಕಡಲಿಗೆ ಎದುರಾಗಿ ಕೆಂಪು ಜಂಬಿಟ್ಟಿಗೆ ಕಲ್ಲಿನ ಗೋಡೆ ನಿಂತಿದೆ. ಕಡಲ ಗಾಳಿ ಅದಕ್ಕೆ ಬಡಿದು ಮೇಲೇರುತ್ತದೆ. ಆ ಏರುಗಾಳಿಯಲ್ಲೇ ಹಾರಬೇಕು. ಇವತ್ತು ಗಾಳಿ ತೀರಾ ಓರೆಯಾಗಿ ಬೀಸಿತು, ಹಾರಲಿಲ್ಲ. ಬೀಚಿನಲ್ಲಿ ವಿಂಗ್ ಎತ್ತಿ ನೋಡಿದೆವು. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಜಾಸ್ತಿ ಎತ್ತರದಲ್ಲಿದೆ, ಅಲ್ವಾ? ಇಲ್ಲಿ ಗಾಳಿ ಅಲ್ಲಿಗಿಂತ ದಟ್ಟ. ಹೊಲದಲ್ಲಿ ಎಳೆದಾಡಿ ಎತ್ತುತ್ತಿದ್ದ ವಿಂಗ್ ಇಲ್ಲಿ ರೈಸರ್ (ವಿಂಗ್‌ನ ದಾರಗಳು ಬಂದು ಸೇರುವ ಪಟ್ಟಿ) ಮುಟ್ಟಿದ ಕೂಡಲೇ ಎದ್ದಿತು.

ಶನಿವಾರ

ಬೆಳಗ್ಗೆ ಗಾಳಿ ನೆಲದಿಂದ ಕಡಲಿನ ಕಡೆಗೆ. ನೆಲ ಕಾದ ಮೇಲೆ, 11 ಗಂಟೆ ಹೊತ್ತಿಗೆ, ಅದು ತಿರುಗಿತು. ಇಬ್ಬರು ಹಾರಿ ಇಳಿದರು. ನಾನು ಹಾರ್ನೆಸ್ ಕಟ್ಟಿ ನಿಂತಿದ್ದೆ. ಕಡಲ ಮೇಲೆ ಆಕಾಶ ಶುಭ್ರವಾಗಿತ್ತು. ನಮ್ಮ ಬೆನ್ನ ಹಿಂದೆ, ಘಟ್ಟದ ಕಡೆ, ಮೋಡ ಗೋಪುರದ ಹಾಗೆ ಬೆಳೆಯುತ್ತಿತ್ತು. ಗೆಳತಿ ಅದನ್ನು ನೋಡಿ "ಬಿಚ್ಚಿಡೋ, ಇವತ್ತು ಸಾಕು" ಅಂದಳು. ನನಗೆ ಅಳುವೇ ಬಂತು. ಮುಕ್ಕಾಲು ಗಂಟೆಯಲ್ಲಿ ಗಾಳಿ ಪೂರ್ತಿ ಉಲ್ಟಾ ಆಯಿತು, ಮಳೆ ಸುರಿಯಿತು. ಮಳೆ ಮೋಡದಿಂದ ಕೆಳಗೆ ನುಗ್ಗುವ ತಣ್ಣನೆ ಗಾಳಿ ಹಿಂದಿನಿಂದ ಬಂದರೆ ಏರುಗಾಳಿ ಇರುವುದಿಲ್ಲ. ಗೋಡೆಯ ಮುಂದೆ ಬರೀ ಸುಳಿ. ಅವಳು ಹಿಂದೆ ತಿರುಗಿ ನೋಡಿದ್ದಳು, ನಾನು ಮುಂದೆ ಮಾತ್ರ ನೋಡುತ್ತಿದ್ದೆ.

ಭಾನುವಾರ

ಗಾಳಿ ಅಳೆಯುವ ಮೀಟರ್‌ನಲ್ಲಿ ಗಂಟೆಗೆ 22 ಕಿ.ಮೀ., ನೇರ ಎದುರು ಗಾಳಿ. ಎತ್ತಿದೆ, ತಿರುಗಿದೆ, ಎರಡೇ ಹೆಜ್ಜೆ, ಕಾಲು ನೆಲ ಬಿಟ್ಟಿತು. ತಿರುವೆಲ್ಲ ಕಡಲಿನ ಕಡೆಗೇ ತಗೊಂಡೆ. ಗೋಡೆ ಬಲಕ್ಕಿದ್ದವರಿಗೆ ದಾರಿ ಬಿಡಬೇಕು. ಎದುರಿಗೆ ಬಂದ ಗೆಳೆಯನಿಗೆ ಹಾಗೇ ಬಿಟ್ಟೆ. ಒಂದು ಗರುಡ ರೆಕ್ಕೆ ಬಡಿಯದೆ ನನ್ನ ಪಕ್ಕದಲ್ಲೇ ತೇಲಿತು. ಅದಕ್ಕೂ ಅದೇ ಏರುಗಾಳಿ. ಎಷ್ಟು ಹೊತ್ತು ಅದನ್ನೇ ನೋಡಿದೆನೋ ಗೊತ್ತಿಲ್ಲ.

ಆಮೇಲೆ ದೂರದಲ್ಲಿ ನೀರಿನ ಬಣ್ಣ ಕಪ್ಪಾಯಿತು. ಅಲೆಗಳ ತಲೆ ಮೇಲೆ ಬಿಳಿ ನೊರೆ ಜಾಸ್ತಿಯಾಯಿತು. ಕಡಲಿಗೆ ಮುಖ ಮಾಡಿದರೆ ಕೆಳಗಿನ ತೆಂಗಿನ ಮರ ಹಿಂದೆ ಸರಿಯದೆ ಅಲ್ಲೇ ನಿಂತುಬಿಟ್ಟಿತು. ನನ್ನ ವಿಂಗ್‌ನ ವೇಗ ಗಂಟೆಗೆ 37 ಕಿ.ಮೀ. ಹತ್ತಿರ, ಗಾಳಿಯೂ ಅಷ್ಟೇ ಆಗಿದೆ ಅಂತ ಅರ್ಥ. ಇನ್ನೂ ಜಾಸ್ತಿಯಾದರೆ ಗೋಡೆಯ ಹಿಂದಿನ ರೋಟರ್‌ಗೆ, ಅಂದರೆ ಸುಳಿಗಾಳಿಗೆ, ತಳ್ಳುತ್ತದೆ. ರೇಡಿಯೋ ಕರೆಯುವ ಮೊದಲೇ ವೇಗ ಹೆಚ್ಚಿಸುವ ಸ್ಪೀಡ್ ಬಾರ್ ಅನ್ನು ಕಾಲಲ್ಲಿ ಒತ್ತಿ ಕಡಲಿನ ಕಡೆ ಹೊರಟೆ. ನಿಧಾನಕ್ಕೆ ಗೋಡೆಯಿಂದ ದೂರವಾಗಿ, ಎತ್ತರ ಕಳೆದು, ಒದ್ದೆ ಮರಳಲ್ಲಿ ಇಳಿದೆ. ಗೆಳತಿ ಓಡಿ ಬಂದು ಅಲೆ ಮುಟ್ಟುವ ಮೊದಲೇ ವಿಂಗ್ ಹಿಡಿದಳು. 18 ನಿಮಿಷ.

ವಿಂಗ್ ಒಳಗೆಲ್ಲ ಮರಳು ತುಂಬಿದೆ. ಬರುವ ಭಾನುವಾರ ಹೊಲಕ್ಕೆ ಹೋಗುವುದಿಲ್ಲ. ಮರಳು ಕೊಡವಿ, ಉಪ್ಪು ಹೋಗುವ ಹಾಗೆ ಸಿಹಿನೀರಲ್ಲಿ ಒರೆಸಿ, ನೆರಳಲ್ಲಿ ಒಣಹಾಕಬೇಕು.